ಬಿಸಿಲಿಗೆ ಒಣಗಿಸಿದ ಸೆಲ್ಲು

ರೇಡಿಯೋದ ಸತ್ತ ಸೆಲ್ಲನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಅದಕ್ಕೆ ಮತ್ತೆ ನಾಲ್ಕು ದಿನದ ಜೀವ ಬರುತ್ತದೆ ಎಂದು ನನಗೆ ಯಾರು ಹೇಳಿಕೊಟ್ಟರೋ ನೆನಪಿಲ್ಲ. ಶಾಲೆಯಲ್ಲಂತೂ ಅಲ್ಲ. ನಾನು ಎರಡನೆಯ ತರಗತಿಗೇ ಶಾಲೆ ಬಿಟ್ಟವಳು, ಅಷ್ಟರೊಳಗೆ ಸೆಲ್ಲಿನ ಪಾಠ ಬಂದಿರಲಿಲ್ಲ. ಆದರೆ ನಮ್ಮ ಅತನೂರಿನಲ್ಲಿ ಆಗ ಯಾರ ಮಾಳಿಗೆ ಹತ್ತಿದರೂ ಮೆಣಸಿನಕಾಯಿ, ಶ್ಯಾವಿಗೆ, ಸಂಡಿಗೆಗಳ ಪಕ್ಕದಲ್ಲಿ ಒಂದೆರಡು ಸೆಲ್ಲುಗಳೂ ಅಂಗಾತ ಮಲಗಿರುತ್ತಿದ್ದವು. ಮನುಷ್ಯರ ಜೀವ ಹಿಂಡುವ ನಮ್ಮ ಬಿಸಿಲು ಸೆಲ್ಲುಗಳಿಗೆ ಮಾತ್ರ ಜೀವ ಕೊಡುತ್ತಿತ್ತು.

ಈ ವಿದ್ಯೆಯನ್ನು ಬಳಸಿ ನಾನೊಂದು ಕಳ್ಳತನ ಮಾಡಿದೆ. ಆ ಕಳ್ಳತನದಿಂದ ಒಂದು ಸಂಗೀತ ಹುಟ್ಟಿತು, ಅದರಿಂದಲೇ ಒಬ್ಬ ಸಂಗೀತಗಾರ ಮೂಲೆ ಸೇರಿದ. ಸಂಗೀತಗಾರ ನನ್ನ ತಮ್ಮ ಶರಣು.

ಶರಣು ನನಗಿಂತ ಆರು ವರ್ಷ ಚಿಕ್ಕವನು. ಅವ್ವ ಹೊಲಕ್ಕೆ ಹೋದರೆ ಅವನನ್ನು ಎತ್ತಿಕೊಳ್ಳುವವರು ಬೇಕಾಗಿತ್ತು. ನನ್ನ ಪಾಟಿಚೀಲ ಗೂಟಕ್ಕೇರಿತು, ಅವನು ನನ್ನ ಬಗಲಿಗೇರಿದ. ಮುಂದೆ ಅವನು ಅಫಜಲಪುರದ ಕಾಲೇಜಿಗೆ ಹೋಗುವ ಹೊತ್ತಿಗೆ ಅಪ್ಪ ಅವನಿಗೊಂದು ಟೇಪು ತಂದುಕೊಟ್ಟ. ನನ್ನ ಪಾಲಿಗೆ ಬಂದದ್ದು ಅಪ್ಪನ ಹಳೆಯ ರೇಡಿಯೋ. ಟೇಪಿಗೆ ನಾಲ್ಕು ಸೆಲ್ಲು, ರೇಡಿಯೋಕ್ಕೆ ಎರಡು. ಹೊಸ ಸೆಲ್ಲು ಬರುತ್ತಿದ್ದದ್ದು ಟೇಪಿಗೆ ಮಾತ್ರ. ಇದನ್ನು ನಾನು ಸಮರ್ಥನೆಗಾಗಿ ಹೇಳುತ್ತಿಲ್ಲ. ಸಮರ್ಥನೆ ಮಾಡಿಕೊಳ್ಳುವವರೆಲ್ಲ ಹೀಗೇ ಶುರು ಮಾಡುತ್ತಾರೆಂಬುದೂ ನನಗೆ ಗೊತ್ತಿದೆ.

ಒಮ್ಮೆ ಶರಣು ಸೆಲ್ಲುಗಳನ್ನು ತಲೆಕೆಳಗು ಹಾಕಿ, ಟೇಪು ಕೆಟ್ಟಿತೆಂದು ಇಡೀ ದಿನ ಊಟ ಬಿಟ್ಟಿದ್ದ. ಅಂದಿನಿಂದ ಸೆಲ್ಲು ಹಾಕುವ ಕೆಲಸ ನನ್ನದಾಯಿತು. ಕಳ್ಳನ ಕೈಗೆ ಕೀಲಿ ಕೊಟ್ಟಂತಾಯಿತು. ನಾಲ್ಕು ಹೊಸ ಸೆಲ್ಲು ಬಂದರೆ ಎರಡು ನನ್ನ ರೇಡಿಯೋಕ್ಕೆ, ಮಧ್ಯಾಹ್ನದ ಚಿತ್ರಗೀತೆಗೆ; ಅವನ ಟೇಪಿಗೆ ಎರಡು ಹೊಸವು, ಎರಡು ಮಾಳಿಗೆಯಿಂದ ಇಳಿದವು. ತೆಗೆದ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅದು ಕಳ್ಳತನವೆಂದು ಅನ್ನಿಸುವುದೇ ಇಲ್ಲ ನೋಡಿ. ಹೆಚ್ಚೆಂದರೆ ದನಿ ಸಣ್ಣದಾಗುತ್ತದೆ ಅಂದುಕೊಂಡಿದ್ದೆ. ರೇಡಿಯೋದಲ್ಲಿ ಆಗುತ್ತಿದ್ದದ್ದು ಅಷ್ಟೇ. ಟೇಪಿಗೆ ಕಾಲೂ ಇರುತ್ತವೆ, ಹೊಟ್ಟೆಗೆ ಕಡಿಮೆಯಾದರೆ ಅದರ ನಡಿಗೆಯೇ ನಿಧಾನವಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಆ ಟೇಪಿನಲ್ಲಿ ಹಾಡುತ್ತಿದ್ದದ್ದು ಒಂದೇ ಒಂದು ಕ್ಯಾಸೆಟ್ಟು. ಅದನ್ನು ತಂದವನು ಶರಣುವಿನ ಗೆಳೆಯ ಖಾಜಾ. ಜೇವರ್ಗಿಯವನು, ಮದುವೆ ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸುವ ಮನೆತನ. ಅವನ ಮನೆಯಲ್ಲಿ ಡ್ರಮ್ಮು, ಕಹಳೆ ಎಲ್ಲ ಇದ್ದವು, ಟೇಪು ಮಾತ್ರ ಇರಲಿಲ್ಲ. ಲಾರಿ ಓಡಿಸುವ ಅವನ ಮಾವನಿಗೆ ಮುಂಬೈ ಕಡೆ ಎಲ್ಲೋ ಸಿಕ್ಕ ವಿದೇಶಿ ಕ್ಯಾಸೆಟ್ಟು ಅದು. ಖಾಜಾ ಅದನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಬಂದ.

“ಇದಕ ಹೆವಿ ಮೆಟಲ್ ಅಂತಾರ್ರಿ, ಅವ್ವಾ,” ಅಂದ.

“ಹಂಗಂದ್ರ?”

“ಭಾರಿ ಲೋಹ.”

“ಬೋಗಾಣಿ ಬಡದ್ರ ಆಗ್ತಿತ್ತಲ್ಲೋ, ಅದಕ್ಯಾಕ ಕ್ಯಾಸೆಟ್ಟು?” ಅಂದಳು ಅವ್ವ.

ಕ್ಯಾಸೆಟ್ಟು ಶುರುವಾಯಿತು. ತುಂಬಿದ ಗಾಡಿ ಎರೆಮಣ್ಣಿನ ಕೆಸರಿನಲ್ಲಿ ಹೂತು, ಎತ್ತುಗಳು ಒಂದೊಂದೇ ಹೆಜ್ಜೆ ಕಿತ್ತಿಡುವಂಥ ಸಂಗೀತ. ಹಾಡುವವನ ದನಿ ನೆಲದ ಕೆಳಗಿನಿಂದ ಬರುತ್ತಿತ್ತು. ನನಗೆ ಎದೆಯಲ್ಲಿ ಒರಳುಕಲ್ಲು ಉರುಳಿದಂತಾಯಿತು. ಶರಣು ಮಾತ್ರ ಕಣ್ಣು ಮುಚ್ಚಿ ಕುಳಿತುಬಿಟ್ಟ. ಆಮೇಲೆ ಕಣ್ಣು ತೆರೆದು, “ಅಕ್ಕಾ, ಭಾರ ಹೊತ್ತವ ಎಂದಾದ್ರೂ ಓಡ್ತಾನೇನು? ಇವ್ರಿಗಿ ಗೊತ್ತದ ನೋಡು,” ಅಂದ. ಭಾರಕ್ಕೂ ನಿಧಾನಕ್ಕೂ ನಂಟಿದೆ ಎಂಬ ಆ ದೊಡ್ಡ ಸಿದ್ಧಾಂತ ನನ್ನ ಎರಡು ಸೆಲ್ಲುಗಳ ಮೇಲೆ ನಿಂತಿತ್ತು.

ಆ ಕ್ಯಾಸೆಟ್ಟನ್ನು ಶರಣು ಹೊಸ್ತಿಲು ದಾಟಿಸುತ್ತಿರಲಿಲ್ಲ. ಬೇರೆಯವರ ಟೇಪು ರೀಲು ತಿಂದುಬಿಟ್ಟರೆ ಎಂಬ ಹೆದರಿಕೆ. ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಹೀಗಾಗಿ ಎರಡು ವರ್ಷ ಇಬ್ಬರು ಗೆಳೆಯರೂ ಅದನ್ನು ನನ್ನ ಸೆಲ್ಲುಗಳ ನಡಿಗೆಯಲ್ಲೇ ಕೇಳಿದರು, ಕಲಿತರು, ಉಸಿರಾಡಿದರು. ಶರಣು ಸೋಲಾಪುರದಿಂದ ಒಂದು ಹಳೆಯ ಗಿಟಾರು ತಂದ. ಕ್ಯಾಸೆಟ್ಟಿನ ಸ್ವರಕ್ಕೆ ಹೊಂದಿಸಲು ಅದರ ತಂತಿಗಳನ್ನು ಸಡಿಲಿಸುತ್ತ ಸಡಿಲಿಸುತ್ತ, ಬಟ್ಟೆ ಒಣಹಾಕಬಹುದಾದಷ್ಟು ಜೋಲು ಬಿಟ್ಟ. ಖಾಜಾನೂ ಮದುಮಗನ ಕುದುರೆ ಕುಣಿಸುವ ಬಡಿತ ಬಿಟ್ಟು ಎಮ್ಮೆ ಮೇಯುವ ನಡಿಗೆಗೆ ಇಳಿದ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ನಾನು ಒಂದು ರೊಟ್ಟಿಯ ಹಿಟ್ಟು ನಾದಬಹುದಿತ್ತು.

ಅಷ್ಟರಲ್ಲಿ ಖಾಜಾ ಜೇವರ್ಗಿಯ ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ಟಿನ ಅಂಗಡಿ ತೆರೆದ. ಇಬ್ಬರೂ ಸೇರಿ ತಮ್ಮದೇ ಕ್ಯಾಸೆಟ್ಟು ಮಾಡುವುದೆಂದು ಠರಾಯಿಸಿದರು. ಆರು ಹಾಡು ತಯಾರಾದವು. ಒಂದರ ಸೊಲ್ಲು ನನಗೆ ಈಗಲೂ ಬಾಯಿಗೆ ಬರುತ್ತದೆ: “ಬಿರುಕ ಬಿಟ್ಟ ಎರಿ ಹೊಲಾ, ಬಾಯಿ ತೆರದು ಏನ ಕೇಳ್ತಿ?” ತೊಡಕಾದದ್ದು ದನಿಯದು. ವಿದೇಶಿಯವನ ಹಾಗೆ ನೆಲದ ಕೆಳಗಿನಿಂದ ಹಾಡಲು ಶರಣುವಿಗೆ ಆಗಲಿಲ್ಲ. ಗಂಟಲು ಕೆರೆದುಕೊಂಡ, ಬೆಳಗಿನ ಚಳಿಯಲ್ಲಿ ಬಾವಿಗಿಳಿದು ನೆಗಡಿ ಬರಿಸಿಕೊಂಡ, ಆದರೂ ಆಗಲಿಲ್ಲ. ಕೊನೆಗೆ ಒಂದು ದಿನ ನಮ್ಮ ಅಂಗಳದ ಹಗೇವಿನ ಮುಂದೆ ನಿಂತು, “ನೆಲದ ಕೆಳಗ ಅಂದ್ರ ನೆಲದ ಕೆಳಗನ ಹೋಗ್ಬೇಕು,” ಅಂದ.

ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಬಾಯಿ ಮನುಷ್ಯನೊಬ್ಬ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಹಳೆಯ ಜೋಳ ತೀರಿ, ಹೊಸದು ಬರುವುದಕ್ಕೆ ಮುಂಚೆ ಅದು ಹದಿನೈದು ದಿನ ಖಾಲಿ ಇರುತ್ತಿತ್ತು. ಆ ಹದಿನೈದು ದಿನದಲ್ಲಿ ನಮ್ಮ ಕಡೆಯ ಮೊದಲ ಭಾರಿ ಲೋಹದ ಕ್ಯಾಸೆಟ್ಟು ತಯಾರಾಗಬೇಕಿತ್ತು. ಪಕ್ಕದ ಹಿಟ್ಟಿನ ಗಿರಣಿಯಿಂದ ಒಂದು ವಾಯರು ಎಳೆದು ಖಾಜಾನ ಅಂಗಡಿಯ ದೊಡ್ಡ ಮಷಿನ್ನಿಗೆ ಕರೆಂಟು ಕೊಟ್ಟರು. ನಾನು ಮೊದಲು ದೀಪ ಇಳಿಸಿ ನೋಡುತ್ತಿದ್ದೆ. ಒಳಗೆ ವಿಷಗಾಳಿ ಇದ್ದರೆ ದೀಪ ಆರುತ್ತದೆ. ದೀಪ ಉರಿದರೆ ಶರಣು, ಹಗೇವಿನ ಬಾಯಿಂದ ಸರಿಸಿಟ್ಟ ಚಪ್ಪಡಿಯ ಪಕ್ಕ ಬೋರಲು ಮಲಗಿ, ತಲೆಯನ್ನೂ ಮೈಕನ್ನೂ ಹಗೇವಿನೊಳಗೆ ಇಳಿಬಿಟ್ಟು ಹಾಡುತ್ತಿದ್ದ. ಅವನು ಒಳಗೆ ಜಾರದಂತೆ ಎರಡೂ ಕಾಲನ್ನು ನಾನು ಹಿಡಿದಿರುತ್ತಿದ್ದೆ. ಹಾಡು ಏರಿದಂತೆ ಅವನ ಹೆಬ್ಬೆರಳು ಸೆಟೆಯುತ್ತಿತ್ತು. ಆರೂ ಹಾಡುಗಳನ್ನು ನಾನು ಕಿವಿಯಿಂದ ಕೇಳಿದ್ದಕ್ಕಿಂತ ಅಂಗೈಯಿಂದ ಕೇಳಿದ್ದೇ ಹೆಚ್ಚು.

ಹಾಡಿನಲ್ಲಿ ಸದ್ದು ಸೇರದಂತೆ ಗಿರಣಿ ನಿಲ್ಲಿಸಿ ಕುಳಿತ ಗಿರಣಿಯಾತ ನಡುನಡುವೆ ಕೂಗುತ್ತಿದ್ದ: “ಶರಣಪ್ಪಾ, ಮುಗೀತೇನೋ ನಿನ ಒದರಾಟ? ಮಂದಿ ಬುಟ್ಟಿ ಹಿಡಕೊಂಡು ನಿಂತಾರ!” ನಾಲ್ಕನೆಯ ಹಾಡಿನ ಕೊನೆಯಲ್ಲಿ ಈ ಮಾತು ಸಣ್ಣಗೆ ಕೇಳುತ್ತದೆ. ತೆಗೆಯೋಣವೆಂದ ಖಾಜಾ, ಇರಲಿ ಎಂದ ಶರಣು. ಕ್ಯಾಸೆಟ್ಟಿಗೆ ‘ಹಗೇವು’ ಎಂದೇ ಹೆಸರಿಟ್ಟರು.

ಬಿಡುಗಡೆ ಖಾಜಾನ ಅಂಗಡಿಯ ಮುಂದೆ, ಸೋಮವಾರ ಬೆಳಿಗ್ಗೆ. ಇಪ್ಪತ್ತು ಮೂವತ್ತು ಜನ ಸೇರಿದ್ದರು, ಅರ್ಧ ಜನ ಬಸ್ಸಿಗೆ ಕಾಯುವವರು. ತೆಂಗಿನಕಾಯಿ, ಪೇಡಾ ಇಟ್ಟ ತಾಟು ಹಿಡಿದು ನಾನು ನಿಂತಿದ್ದೆ. ಶರಣು ಇಸ್ತ್ರಿ ಮಾಡಿದ ಕರಿ ಅಂಗಿ ಹಾಕಿದ್ದ. ಅಂದು ಅವನಿಗೆ ಉದಾರ ಬುದ್ಧಿ ಬಂತು. “ಮೊದಲ ನಮ್ಮ ಗುರುಗಳನ್ನ ಕೇಳ್ರಿ, ಆಮ್ಯಾಲ ನಮ್ಮನ್ನ,” ಎಂದು ಆ ವಿದೇಶಿ ಕ್ಯಾಸೆಟ್ಟನ್ನು ಜೇಬಿನಿಂದ ತೆಗೆದು, ಜೀವನದಲ್ಲಿ ಮೊದಲ ಸಲ ಕರೆಂಟಿನ ಮಷಿನ್ನಿಗೆ ಹಾಕಿದ.

ಓಡತೊಡಗಿತು ನೋಡಿ! ಎತ್ತಿನ ಗಾಡಿಯಲ್ಲ, ಬಾಲಕ್ಕೆ ಬೆಂಕಿ ಬಿದ್ದ ಕುದುರೆ. ನೆಲದ ಕೆಳಗಿದ್ದ ಮನುಷ್ಯ ಮಾಳಿಗೆ ಹತ್ತಿ ಕಿರುಚುತ್ತಿದ್ದ. ಜನ ನಕ್ಕರು. “ಖಾಜಾ, ನಿನ ಮಷಿನ್ ಕೆಟ್ಟದ,” ಅಂದ ಶರಣು. ಖಾಜಾ ಬೇರೆ ಕ್ಯಾಸೆಟ್ಟು ಹಾಕಿದ; ಎಲ್ಲರಿಗೂ ಗೊತ್ತಿದ್ದ ಸಿನಿಮಾ ಹಾಡು ಎಂದಿನಂತೆಯೇ ಬಂತು. ಮತ್ತೆ ವಿದೇಶಿಯದು ಹಾಕಿದ. ಮತ್ತೆ ಅದೇ ಓಟ.

“ಅರೇ ಯಾರ್, ಹಂಗಾದ್ರ ನಾವು ಎರಡ ವರ್ಷ ಕೇಳಿದ್ದೇನು?” ಅಂದ ಖಾಜಾ.

ಶರಣು ತನ್ನ ಬಲಗಿವಿಯನ್ನು ಮುಟ್ಟಿ ನೋಡಿಕೊಂಡ. “ನೀ ನಾ ಹೇಳಿದಂಗ ಬಾರಿಸಿದಿ. ನನ ಕಿವೀನ ಸುಳ್ಳ ಅದ,” ಅಂದ.

ಆ ಗಳಿಗೆಗೆ ನನಗೆ ಎಲ್ಲ ಹೊಳೆಯಿತು. ಮಾಳಿಗೆ, ಬಿಸಿಲು, ಎರಡು ಹೊಸವು, ಎರಡು ಹಳೆಯವು. ಒಂದು ಮಾತು ಸಾಕಾಗಿತ್ತು. ಆದರೆ ಮೂವತ್ತು ಜನರ ಮುಂದೆ, ಕೈಯಲ್ಲಿ ತಾಟು. ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡು ಎಲ್ಲರಿಗೂ ಪೇಡಾ ಹಂಚಿದೆ. ಅವನ ಕೈಯಲ್ಲೂ ಒಂದು ಇಟ್ಟೆ.

ಮನೆಗೆ ಹೋಗಿ ಹೇಳಲಿಲ್ಲ. ಗಿಟಾರು ಅಂದೇ ಗೂಟಕ್ಕೇರಿತು. ಅದರ ಕೆಳಗೆ ನಿಂತು ಹೇಳುವ ಧೈರ್ಯ ನನಗಾಗಲಿಲ್ಲ. ಅದೇ ವರ್ಷ ನನ್ನನ್ನು ನರೋಣಾಕ್ಕೆ ಮದುವೆ ಮಾಡಿಕೊಟ್ಟರು. ಪ್ರತಿ ಪಂಚಮಿಗೆ ತವರಿಗೆ ಹೋಗುವಾಗ ಉಂಡಿಯ ಡಬ್ಬಿಯ ಜೊತೆ ಆ ಮಾತನ್ನೂ ಕಟ್ಟಿಕೊಂಡು ಹೋಗುತ್ತಿದ್ದೆ. ಉಂಡಿ ಕೊಟ್ಟು, ಮಾತು ವಾಪಸು ತರುತ್ತಿದ್ದೆ. ತಪ್ಪು ಒಪ್ಪಿಕೊಳ್ಳುವುದು ಬಿಸಿ ರೊಟ್ಟಿಯ ಹಾಗೆ, ಆಗಿಂದಾಗ ಬಡಿಸಬೇಕು. ತಡವಾದಷ್ಟೂ ಗಟ್ಟಿಯಾಗಿ, ಕೊಡುವವರಿಗೂ ನಾಚಿಕೆ, ತಿನ್ನುವವರಿಗೂ ಹಲ್ಲುನೋವು.

ವಿಚಿತ್ರವೆಂದರೆ ‘ಹಗೇವು’ ಸಾಯಲಿಲ್ಲ. ಲಾರಿಯವರು ಅದನ್ನು ಒಬ್ಬರಿಂದೊಬ್ಬರು ನಕಲು ಮಾಡಿಸಿಕೊಂಡು ಕೇಳಿದರು. “ಲೋಡ್ ತುಂಬಿ ಚಡಾವ ಏರುವಾಗ ಇದರಂಥಾದ್ದು ಇಲ್ರಿ,” ಎಂದು ಖಾಜಾನಿಗೆ ಹೇಳಿ ಹೋಗುತ್ತಿದ್ದರು. ಜೇವರ್ಗಿಯ ಬಸ್‌ಸ್ಟ್ಯಾಂಡಿನ ಮಟ್ಟಿಗೆ ಅದೊಂದು ಕ್ಲಾಸಿಕ್ಕು. ಖಾಜಾ ಪ್ರತಿ ಸಲವೂ ಸುದ್ದಿ ಕಳಿಸುತ್ತಿದ್ದ, ಇನ್ನೊಂದು ಮಾಡೋಣವೆಂದು ಕರೆಯುತ್ತಿದ್ದ. ಶರಣು ಮಾತ್ರ, “ಕೇಳಾಕ ಬರದವ ಹಾಡಬಾರದು,” ಅನ್ನುತ್ತಿದ್ದ.

ಅವನು ಆಳಂದದಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ಇಟ್ಟ. ಎಂಟು ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಸಂತೆಗೆ ಬಂದವಳು ಅವನ ಅಂಗಡಿಯಲ್ಲಿ ಕುಳಿತಿದ್ದೆ. ಒಬ್ಬ ಗೌಡರು ಮೋಟಾರು ಇಳಿಸಿ ಊಟಕ್ಕೆ ಹೋಗಿದ್ದರು. ಶರಣು ಅದನ್ನು ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದ. “ಬೇರಿಂಗ್ ಹೋಗ್ಯಾದ,” ಅಂದ. ಆಮೇಲೆ ನಿಟ್ಟುಸಿರು ಬಿಟ್ಟು, ಪಾನಾ ತೆಗೆದುಕೊಂಡು ಇಡೀ ಮೋಟಾರು ಬಿಚ್ಚಲು ಕುಳಿತ.

“ಬೇರಿಂಗ್ ಅಂದೆಲ್ಲಾ? ಮತ್ಯಾಕ ಎಲ್ಲಾ ಬಿಚ್ಚತಿ?”

“ನನ ಕಿವೀನ ಹ್ಯಾಂಗ ನಂಬೂದು ಬೇ ಅಕ್ಕಾ? ಎಲ್ಲಾನೂ ಬಿಚ್ಚೇ ನೋಡ್ತೇನಿ.”

“ಬಿಚ್ಚಿ ನೋಡಿದ್ರ ಬ್ಯಾರೇನರ ಇರ್ತದೇನು?”

“ಇಲ್ಲ. ನಾ ಕೇಳಿದ್ದ ಇರ್ತದ,” ಅಂದ, ಅದೂ ತನ್ನ ತಪ್ಪೇ ಎನ್ನುವ ಹಾಗೆ.

ನನಗೆ ಇನ್ನು ತಡೆಯಲಾಗಲಿಲ್ಲ. ಹೇಳಿದೆ. ರೇಡಿಯೋ, ಮಾಳಿಗೆ, ಎಲ್ಲ. ಅವನು ಪಾನಾ ಹಿಡಿದುಕೊಂಡೇ ಕೇಳಿದ. ಬೈಯುತ್ತಾನೆ ಅಂದುಕೊಂಡೆ, ಅಳುತ್ತಾನೇನೋ ಅಂತಲೂ ಅನ್ನಿಸಿತು.

“ನಾಲ್ಕೂ ತಗೀತಿದ್ದೇನು?” ಎಂದ.

“ಎರಡ. ದೇವರಾಣಿ ಎರಡ.”

“ಪ್ರತಿ ಸಲ?”

“ಪ್ರತಿ ಸಲ.”

ಅವನು ಸಡಿಲಿಸಿದ್ದ ಒಂದೆರಡು ಬೋಲ್ಟುಗಳನ್ನು ಮತ್ತೆ ಬಿಗಿದ. ಪಾನಾ ಕೆಳಗಿಟ್ಟ. ಕೈ ಒರೆಸಿಕೊಂಡು, ನನ್ನ ಮುಖ ನೋಡದೆ, “ಜೇವರ್ಗಿಗಿ ಹೋಗಿ ಬರ್ತೇನಿ. ಖಾಜಾಗ ಹೇಳ್ಬೇಕು. ಗೌಡರು ಬಂದ್ರ ಬೇರಿಂಗ್ ಹೋಗ್ಯಾದ ಅಂತ ಹೇಳು. ಬಿಚ್ಚೂದು ಬ್ಯಾಡ,” ಅಂದು ಹೊರಬಿದ್ದ. ಬೈಯಲಿಲ್ಲ. ನನಗೆ ಅದೇ ಭಾರವಾಯಿತು.

ಗೌಡರು ಊಟ ಮುಗಿಸಿ ಬಂದರು. ಬೇರಿಂಗ್ ಅಂದೆ.

“ಮೋಟಾರ ಬಿಚ್ಚೇ ಇಲ್ಲ! ಹ್ಯಾಂಗ ಗೊತ್ತಾತವಂಗ?”

“ಕೇಳ್ಯಾನ್ರಿ.”

“ಏನ ಕೇಳ್ಯಾನ?”

“ಅವನ ಕಿವಿ ಖರೇ ಅದ್ರಿ, ಗೌಡ್ರ. ಎಂದೂ ಸುಳ್ಳ ಹೇಳಿಲ್ಲ. ನಾ ಸಾಕ್ಷಿ ಅದೇನಿ.”

ಗೌಡರಿಗೆ ಸಿಟ್ಟು ನೆತ್ತಿಗೇರಿತು. ಅಂಗಡಿ ತೆರೆದಿಟ್ಟು ಓಡಿಹೋಗುವವರು, ಮಂದಿಯ ಮಾಲು ಅಂದರೆ ಕಿಮ್ಮತ್ತಿಲ್ಲದವರು, ಬಾಯಿ ಮುಚ್ಚಿಕೊಂಡು ಮಾಡಬಾರದ್ದು ಮಾಡುವವರು ಎಂದು ಬೀದಿಗೆಲ್ಲ ಕೇಳುವಂತೆ ಬೈದರು. ನನ್ನ ತಮ್ಮ ಬೈಯದೆ ಬಿಟ್ಟಿದ್ದರಲ್ಲಿ ಅವರು ಒಂದನ್ನೂ ಬಿಡಲಿಲ್ಲ. ನಾನು ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತು ಪೂರ್ತಿ ಕೇಳಿಸಿಕೊಂಡೆ. ನಡುವೆ ಅವರ ಗಂಟಲು ಒಣಗಿದಾಗ ನೀರು ಕೊಟ್ಟೆ. ಬೈಗುಳ ಯಾರ ಬಾಯಿಂದ ಬಂದರೇನು, ಸರಿಯಾದ ವಿಳಾಸಕ್ಕೆ ತಲುಪಿದರೆ ಸಾಕು.