ತಂದೂರಿನ ಮುಂದೆ ತಮಟೆ

ಗ್ರೀನ್ ರೂಮಿನ ಬಾಗಿಲು ತೆರೆದ ಪೂವಮ್ಮನವರಿಗೆ ಮೊದಲು ಕಂಡದ್ದು ಇಂದುಶೇಖರನ ಕೈಯಲ್ಲಿದ್ದ ಬೆಂಕಿಪೊಟ್ಟಣ. ನೆಲದ ಮೇಲೆ ಹಳೆಯ ಪೇಪರುಗಳ ರಾಶಿ, ಸುತ್ತ ತಮಟೆ ಹಿಡಿದ ಹುಡುಗರು.

"ಏಯ್, ಗೀರಬೇಡ!"

ಅವನ ಕೈ ಅಲ್ಲೇ ನಿಂತಿತು. ಪೂವಮ್ಮ ಛಾವಣಿಯಲ್ಲಿದ್ದ ಹೊಗೆ ಪತ್ತೆ ಯಂತ್ರದತ್ತ ಬೆರಳು ತೋರಿಸಿದರು. ಅದಕ್ಕೆ ಹೊಗೆ ತಗುಲಿದರೆ ಸೈರನ್ ಕೂಗುತ್ತದೆ. ಪ್ರೇಕ್ಷಕರೆಲ್ಲ ಎದ್ದು ಹೊರಗೆ ಹೋಗಬೇಕಾಗುತ್ತದೆ.

"ಕಲೆಕ್ಟರ್ ಆಗೋಕೆ ಓದೋರು ಕಟ್ಟಡಕ್ಕೆ ಬೆಂಕಿ ಇಡ್ತೀರಾ?"

"ಏಸಿಗೆ ಚರ್ಮ ಸತ್ತೋಗಿದೆ ಅಕ್ಕಾ. ಕಾಯಿಸದೆ ಬಡಿದ್ರೆ ರಟ್ಟಿನ ಡಬ್ಬ ಬಡಿದಂಗಿರುತ್ತೆ. ಊರಲ್ಲಾದ್ರೆ ಹುಲ್ಲು ಉರಿಸ್ತೀವಿ."

ಪೂವಮ್ಮ ಗುರುಗ್ರಾಮದ ಈ ಕನ್ವೆನ್ಷನ್ ಸೆಂಟರಿಗೆ ಸೇರಿದ್ದು ರಿಸೆಪ್ಷನ್ನಿಗೆ. ಪತಿ ಮೇದಪ್ಪ ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ ಮಡಿಕೇರಿಗೆ ಮರಳುವ ಮಾತಿತ್ತು. ಮಗಳ ಓದು ಮುಗಿಯಲಿ ಎಂದು ಉಳಿದರು. ಓದು ಮುಗಿದು ಮಗಳು ಕೆಲಸಕ್ಕೂ ಸೇರಿಯಾಯಿತು. ಈಗ ಹೊರಡಲು ಮನಸ್ಸಿಲ್ಲದವರು ಪೂವಮ್ಮನೇ. ಸಂಗೀತ ಸಭಾಂಗಣದ ಹಳೆಯ ಮ್ಯಾನೇಜರ್ ಬಿಟ್ಟು ಹೋದಾಗ ಆ ಹೊಣೆಯನ್ನು ತಾತ್ಕಾಲಿಕವಾಗಿ ಇವರಿಗೆ ವಹಿಸಿದ್ದರು. ಖಾಯಂ ಆಗುವುದೋ ಇಲ್ಲವೋ ಎಂಬುದು ಆ ವಾರವೇ ತೀರ್ಮಾನವಾಗಬೇಕಿತ್ತು. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಸಭಾಂಗಣ ಕೊಡಿಸಿದವರೂ ಅವರೇ. "ನಿಮ್ಮ ಜನ, ನೀವೇ ಜವಾಬ್ದಾರಿ" ಎಂದಿದ್ದರು ಸೆಂಟರಿನ ಮುಖ್ಯಸ್ಥ ವಿಕ್ರಮ್.

ತಮಟೆ ಕೈಬಿಟ್ಟರೆ ಯಾವ ತಾಪತ್ರಯವೂ ಇರಲಿಲ್ಲ. ಆದರೆ ಹಾಸ್ಟೆಲಿನಲ್ಲಿ ಬಡಿದರೆ ಬೈಗುಳ ಬೀಳುತ್ತದೆಂದು ಈ ಹುಡುಗರು ದೆಹಲಿಯ ಮುಖರ್ಜಿ ನಗರದಿಂದ ಯಮುನೆಯ ಬಯಲಿಗೆ ಹೋಗಿ ಅಭ್ಯಾಸ ಮಾಡಿದ್ದರು. ವೇದಿಕೆಯ ಮೇಲೆ ಭಾವಗೀತೆ ಕೊನೆಯ ಚರಣಕ್ಕೆ ಬಂದಿತ್ತು. ಅದಾದ ಮೇಲೆ ಅಧ್ಯಕ್ಷರ ಭಾಷಣ. ಅದು ಬೇಗ ಮುಗಿಯುವಂಥದ್ದಲ್ಲ.

"ತಮಟೆ ಎತ್ಕೊಳ್ಳಿ. ಚಲೋ."

ಹಿಂದಿನ ಓಣಿಯಲ್ಲಿ ನೇರ ಅಡುಗೆಮನೆಗೆ ಕರೆದೊಯ್ದರು. ಅಲ್ಲಿ ರಾತ್ರಿಯ ಊಟಕ್ಕೆ ತಂದೂರ್ ಕಾದಿತ್ತು, ಮೇಲೆ ಹೊಗೆ ಎಳೆಯುವ ದೊಡ್ಡ ಚಿಮಣಿ. ರೊಟ್ಟಿ ಬೇಯಿಸುವ ರಿಯಾಸತ್ ತಮಟೆಗಳನ್ನು ನೋಡಿ ನಕ್ಕ.

"ಮೇಡಂಜೀ, ಇಷ್ಟು ದೊಡ್ಡ ರೋಟಿಯಾ?"

"ಐದಿವೆ ಭಯ್ಯಾ. ಸುಡಬೇಡ, ಬಿಸಿ ಮಾಡು ಅಷ್ಟೇ" ಎಂದರು ಪೂವಮ್ಮ, ಹಿಂದಿಯಲ್ಲಿ.

ಹುಡುಗರು ತಮಟೆಗಳನ್ನು ಕಾವಿಗೆ ಒಡ್ಡಿ ತಿರುಗಿಸತೊಡಗಿದರು. ಸ್ವಲ್ಪ ಹೊತ್ತಿಗೆ ಇಂದುಶೇಖರ ಒಂದೇಟು ಹಾಕಿದ. ತರಕಾರಿ ಹೆಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು.

ತಮಟೆ ವೇದಿಕೆಗೆ ಬಂದಾಗ ಹಿಂದಿನ ಸಾಲಿನವರು ಎದ್ದು ಕುಣಿಯಲು ಶುರುಮಾಡಿದರು. ವಿಕ್ರಮ್ ಬಾಗಿಲ ಬಳಿ ನಿಂತಿದ್ದರು.

"ಇವರು ಅಡುಗೆಮನೆಯಿಂದ ಯಾಕೆ ಬಂದರು?"

ಪೂವಮ್ಮ ಬೆಂಕಿಪೊಟ್ಟಣದ ಸಂಗತಿಯನ್ನೂ ಬಿಡದೆ ಹೇಳಿದರು. ವಿಕ್ರಮ್ ಕುಣಿಯುವವರತ್ತ ನೋಡಿದರು.

"ನನ್ನನ್ನೊಂದು ಮಾತು ಕೇಳಬಹುದಿತ್ತು."

"ಕೇಳಿದ್ದರೆ ಬೇಡ ಅಂತಿದ್ದಿರಿ ಸರ್."

"ಹೌದು, ಅಂತಿದ್ದೆ" ಎಂದು ವಿಕ್ರಮ್ ಒಳಗೆ ಹೋಗಿ ಕುಳಿತರು.

ಶುಕ್ರವಾರ ಪೂವಮ್ಮನವರ ಕೆಲಸ ಖಾಯಂ ಆಯಿತು. ಮನೆಯ ಬಾಡಿಗೆ ಕರಾರನ್ನು ಇನ್ನೆರಡು ವರ್ಷ ಮುಂದುವರಿಸಲು ಮೇದಪ್ಪ ಮಾಲೀಕರೊಂದಿಗೆ ಮಾತಾಡಿದ್ದಾರೆ.