ಹದಿನೈದು ಪುಟಕ್ಕೆ ಹಿಡಿಸದ ಕೆರೆ

ಗಿರಿಜಕ್ಕ ಕೆರೆಯನ್ನು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದರು. ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿ, ನೀರಿನಲ್ಲಿ ಮಂಡಿಯೂರಿ, ಬಲಗೈಯನ್ನು ಭುಜದತನಕ ಕೆಸರಿಗೆ ಇಳಿಸಿ, ಕೆನ್ನೆ ನೀರಿಗೆ ತಾಗಿಸಿಕೊಂಡು ಕಣ್ಣು ಮುಚ್ಚುವರು. ವಾಕಿಂಗ್ ಬಂದ ಅಮೆರಿಕನ್ನರು ಗಾಬರಿಯಾಗಿ ‘ಆರ್ ಯೂ ಓಕೆ?’ ಎಂದರೆ ಎಡಗೈ ಎತ್ತಿ ಹೆಬ್ಬೆರಳು ತೋರಿಸುವರು. ಕದಡಿದ ನೀರಿನಲ್ಲಿ ಕಣ್ಣಿಗೆ ಏನೂ ಕಾಣದು. ಕಪ್ಪೆಚಿಪ್ಪುಗಳನ್ನು ಬೆರಳಲ್ಲೇ ಹುಡುಕಿ ಎಣಿಸಬೇಕು. ಬಾಗಲಕೋಟೆ ಕಡೆಯ ಗಿರಿಜಕ್ಕ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನ ಒಂದು ಸಣ್ಣ ಸಂಸ್ಥೆಯಲ್ಲಿ ಸಿಹಿನೀರಿನ ಜೀವಿಗಳ ಸಂಶೋಧಕಿ.

ನಾನು ಅದೇ ಸಂಸ್ಥೆಯಲ್ಲಿ ಗ್ರಾಂಟ್ ಪ್ರೊಪೋಸಲ್ ಬರೆಯುವವನು. ಅಂದರೆ, ಬೇರೆಯವರ ಸಂಶೋಧನೆಗೆ ದುಡ್ಡು ಕೇಳುವ ಅರ್ಜಿಗಳಿಗೆ ಇಸ್ತ್ರಿ ಹಾಕುವವನು. ಮೈಸೂರಿನವನು ಬೇರೆ, ನನ್ನ ಬರವಣಿಗೆಯ ಮೇಲೆ ನನಗೆ ವಿಪರೀತ ಪ್ರೀತಿ.

ಕೋವಿಡ್ ತಗ್ಗಿದ ಮೇಲೆ, ಮೂರು ತಂಡಗಳು ಸೇರಿ ಮೂರು ರಾಜ್ಯಗಳ ಮೂರು ಕೆರೆಗಳನ್ನು ಒಟ್ಟಿಗೆ ಅಧ್ಯಯನ ಮಾಡಲು ಒಂದು ಅರ್ಜಿ ಹಾಕಬೇಕಾಯಿತು. ವರ್ಜೀನಿಯಾದ್ದು ದೊಡ್ಡ ಕೆರೆ, ನಮ್ಮ ನಾರ್ತ್ ಕ್ಯಾರೊಲೈನಾದ್ದು ಇನ್ನೂ ದೊಡ್ಡದು. ಮೂರನೆಯದು ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್ ಹತ್ತಿರ, ಹೊಸ ಮನೆಗಳ ಸಾಲಿನ ಹಿಂದಿದ್ದ ಪುಟ್ಟ ಕೆರೆ. ಅದು ಗಿರಿಜಕ್ಕನ ಪಾಲು. ಅದಕ್ಕೆ ಹಣ ಬಂದರೆ ಮಾತ್ರ ಅವರ ಕೆಲಸವೂ ಉಳಿಯುವುದು.

‘ಇಷ್ಟು ಚಿಕ್ಕ ಕೆರೆ ಯಾಕಕ್ಕಾ?’ ಅಂತ ಕೇಳಿದ್ದೆ.

‘ಕಪ್ಪಿಚಿಪ್ಪಿನ ಮರಿ ಮೀನಿನ ಕಿವಿರಿನ್ಯಾಗ ಕುಂತು ಊರೂರು ತಿರಗತಾವ್ರಿ. ಅವಕ್ಕ ಸ್ಟೇಟ್ ಬಾರ್ಡರೂ ಇಲ್ಲ, ನಿಮ್ಮಂಗ ವೀಸಾ ಸ್ಟ್ಯಾಂಪಿಂಗೂ ಇಲ್ಲ. ಒಂದು ಕೆರಿ ಬಿಟ್ರ ಕಥಿ ಅರ್ಧಕ್ಕ ನಿಲ್ಲತೈತಿ.’

ಇದನ್ನು ಕೇಳಿ ನನಗೆ ಸ್ಫೂರ್ತಿ ಉಕ್ಕಿತು. ‘ನೀರಿಗೆ ಗಡಿಯಿಲ್ಲ’ ಎಂದು ಶುರುವಾಗಿ ಅರ್ಧ ಪುಟ ಉಸಿರು ಬಿಡದೆ ಓಡುವ ಪೀಠಿಕೆಯೊಂದನ್ನು ಇಂಗ್ಲಿಷಿನಲ್ಲಿ ಬರೆದೆ. ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಅವಳು ಡಿಶ್‌ವಾಷರ್ ಆನ್ ಮಾಡಿದಳು.

ಕೊನೆಯ ದಿನ ಸಂಜೆ ಐದಕ್ಕೆ ಗಡುವು. ನಾಲ್ಕೂವರೆಗೆ ಅಪ್‌ಲೋಡ್ ಮಾಡಿದರೆ ವೆಬ್‌ಸೈಟು ತಗೊಳ್ಳಲೇ ಇಲ್ಲ. ಹದಿನೈದು ಪುಟದ ಮಿತಿ, ನಮ್ಮದು ಅರ್ಧ ಪುಟ ಜಾಸ್ತಿ! ಗಿರಿಜಕ್ಕ ಯಾವುದೋ ಕೆರೆಯಲ್ಲಿದ್ದರು, ಫೋನಿನಲ್ಲಿ ಸಿಕ್ಕಿದ್ದು ಅರೆಗಳಿಗೆ. ‘ನೀವ ಓದಿ ನೋಡ್ರಿ. ಏನರ ಹೆಚ್ಚಿಗಿ ಐತಿ ಅನಸಿದ್ರ ತಗೀರಿ,’ ಅಂದರು. ಲೈನ್ ಕಟ್ ಆಯಿತು.

ಹೆಚ್ಚಿಗೆ ಇದ್ದದ್ದು ಯಾವುದೆಂದು ನಿಮಗೆ ಗೊತ್ತಾಯಿತು. ನನಗೆ ಗೊತ್ತಾಗಲಿಲ್ಲ. ಪೀಠಿಕೆಗೆ ಕೈ ಹಚ್ಚಲು ಜೀವ ಒಪ್ಪಲಿಲ್ಲ. ಆ ಪುಟ್ಟ ಕೆರೆಯ ಬಗ್ಗೆ ಗಿರಿಜಕ್ಕ ಬರೆದ ಪ್ಯಾರಾ ಇತ್ತು. ಕಣ್ಣಿಗೆ ಬರೀ ಅಂಕಿಗಳಂತೆ ಕಂಡಿತು. ಸರಿಯಾಗಿ ಅರ್ಧ ಪುಟ. ತೆಗೆದೆ. ಐದಕ್ಕೆ ಎರಡು ನಿಮಿಷ ಇರುವಾಗ ಸಬ್‌ಮಿಟ್ ಮಾಡಿ, ಯುದ್ಧ ಗೆದ್ದವನ ಹಾಗೆ ಕಾಫಿ ಕುಡಿದೆ.

ಕೆಲವು ತಿಂಗಳಿಗೆ ಹಣ ಮಂಜೂರಾಯಿತೆಂದು ಇಮೇಲ್ ಬಂತು. ಅದರ ಮೊದಲ ಸಾಲಷ್ಟೇ ಓದಿ, ಕನ್ನಡದವರ ಪಾಟ್‌ಲಕ್ ಊಟಕ್ಕೆ ಮೈಸೂರು ಪಾಕ್ ಹೊತ್ತುಕೊಂಡು ಹೋದೆ. ‘ಗ್ರಾಂಟ್ ತಂದಿದ್ದು ನಾವೇ’ ಅಂತ ತಟ್ಟೆ ಹಿಡಿದು ಎಲ್ಲರ ಮುಂದೆ ಮೆರೆದೆ. ಗಿರಿಜಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು ‘ಛಲೋ ಆಗೈತ್ರಿ’ ಅಂದರು. ಆಮೇಲೆ ಮೆಲ್ಲಗೆ, ‘ಎರಡ ಕೆರಿಗೆ ರೊಕ್ಕ ಬಂದೈತಿ. ನಂದು ಎಲ್ಲಿ ಹೋತ್ರಿ?’

ಪರಿಶೀಲಕರ ಟಿಪ್ಪಣಿ ಅವರ ಫೋನಿನಲ್ಲೇ ಇತ್ತು. ಮೂರನೇ ಕೆರೆ ಯಾಕೆ ಬೇಕೆಂಬ ವಿವರವೇ ಇಲ್ಲ, ಆದ್ದರಿಂದ ಅದನ್ನು ಕೈಬಿಡಲಾಗಿದೆ. ಕೆಳಗೆ ಇನ್ನೊಂದು ಮಾತು: ಪೀಠಿಕೆ ಅನಗತ್ಯವಾಗಿ ಉದ್ದವಾಗಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ನಡೆದದ್ದನ್ನು ತೊದಲುತ್ತಾ ಹೇಳಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಇರ್ಲಿ ಬಿಡ್ರಿ, ಎರಡ ಕೆರಿಯರ ಉಳದಾವಲ್ಲ,’ ಅಂದು ಅವರು ನನ್ನ ತಟ್ಟೆಯಿಂದ ಇನ್ನೊಂದು ತುಂಡು ತೆಗೆದುಕೊಂಡರು.

ಗಿರಿಜಕ್ಕನ ಕೆಲಸ ಹೋಯಿತು. ದೂರದ ಪಶ್ಚಿಮದ ರಾಜ್ಯವೊಂದರಲ್ಲಿ ಅವರಿಗೆ ಬೇರೆ ಕೆಲಸ ಸಿಕ್ಕಿತು. ಹೊರಡುವ ವಾರ ಫೋನ್ ಮಾಡಿ, ‘ಶನಿವಾರ ಫ್ರೀ ಇದ್ರ ಬರ್ರಿ. ಸಣ್ಣ ಕೆರಿಯಾಗ ಕಡೀ ಸಲ ಎಣಿಸಿ ಬರೂಣು,’ ಅಂದರು. ದಾರಿಯುದ್ದಕ್ಕೂ ಡ್ರೈವ್ ಮಾಡುತ್ತಾ ನಾನು ಹತ್ತು ಸಲ ಸಾರಿ ಕೇಳಿದೆ. ‘ಹಾದಿ ನೋಡ್ರಿ, ಎಕ್ಸಿಟ್ ಬಿಟ್ಟ್ರಿ,’ ಅಂದರು.

ಅವರು ಕೊಟ್ಟ ರಬ್ಬರ್ ಪ್ಯಾಂಟು ನನ್ನ ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ಹೇಗೋ ನೀರಿಗಿಳಿದು, ಕೆಸರಲ್ಲಿ ತಡಕಿ, ಜಂಬದಿಂದ ಒಂದನ್ನು ಎತ್ತಿ ಹಿಡಿದೆ. ‘ಕಲ್ಲು.’ ಇನ್ನೊಂದು ಎತ್ತಿದೆ. ‘ಅದೂ ಕಲ್ಲ.’ ಕೊನೆಗೆ ನುಣುಪಾದ್ದೊಂದು ಬೆರಳಿಗೆ ಸಿಕ್ಕಿ, ಮುಟ್ಟಿದ್ದೇ ತಡ ಬಾಯಿ ಬಿಗಿದುಕೊಂಡಿತು. ಅಯ್ಯೋ, ಜೀವ ಇದೆ!

‘ಹ್ಯಾಂಗ ಇತ್ತೋ ಹಂಗ ಊರ್ರಿ, ತಲಿಕೆಳಗ ಮಾಡಬ್ಯಾಡ್ರಿ,’ ಅಂದರು ಗಿರಿಜಕ್ಕ.

ಸಂಜೆ ಹೊತ್ತಿಗೆ ಇಬ್ಬರಿಗೂ ಸೇರಿ ಸಿಕ್ಕಿದ್ದು ಏಳು. ಅವರು ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ದಡದಲ್ಲಿ ಸುಮ್ಮನೆ ಕೂತರು. ಸುಮ್ಮನಿರಲು ನನಗೆಲ್ಲಿ ಬರುತ್ತದೆ?

‘ಏಳು ಅಂದ್ರೆ ಒಳ್ಳೇದಾ ಅಕ್ಕಾ? ಹೋದ ವರ್ಷ ಎಷ್ಟಿತ್ತು?’

ಗಿರಿಜಕ್ಕ ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿದರು.

‘ಆ ಪ್ಯಾರಾದಾಗ ಬರದಿದ್ನಲ್ರಿ.’

ಓದಿದ್ದರೆ ತಾನೇ ಗೊತ್ತಿರೋದು? ನಾನು ಅದನ್ನು ಸಾಲು ಎಣಿಸಿ ತೆಗೆದಿದ್ದೆ.