ತೋಳು ಬಿಗಿಯಾದ ಕುಪ್ಪಸ

ಮೊನ್ನೆ ಯಾದಗಿರಿಯ ಹೊಲಿಗೆ ಅಂಗಡಿಯೊಂದಕ್ಕೆ ಹೋಗಿದ್ದೆ, ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದ ಒಂದು ಕುಪ್ಪಸದ ಬಿಗಿ ತೋಳು ಬಿಡಿಸಲು. ಒಳಗೆ ಕಾಲಿಟ್ಟ ಕೂಡಲೇ ಮಷೀನಿಗೆ ಹಾಕುವ ಎಣ್ಣೆಯ ವಾಸನೆ... ಅಷ್ಟೇ, ಸುರಪುರದ ಆ ಟೇಲರ್ ಅಕ್ಕ ಕಣ್ಣ ಮುಂದೆ ಬಂದು ನಿಂತುಬಿಟ್ಟರು!

ಆಗ ನಾನು ಶಹಾಪುರದಲ್ಲಿ ಹೊಸದಾಗಿ ಆಪ್ತಸಮಾಲೋಚಕಿ. ಉತ್ಸಾಹ ಅಂದರೆ ಉತ್ಸಾಹ. ಊರಿನವರ ದುಃಖವನ್ನೆಲ್ಲ ಒಂದೇ ವರ್ಷದಲ್ಲಿ ಮುಗಿಸಿಬಿಡುವವಳಂತೆ ಕೂತಿರುತ್ತಿದ್ದೆ. ಈ ಅಕ್ಕನ ಜೊತೆ ಹೊಲಿಯುತ್ತಿದ್ದ ತಂಗಿ ತೀರಿಕೊಂಡಿದ್ದಳು. ಅಂದಿನಿಂದ ಕತ್ತರಿ ಹಿಡಿದರೆ ಇವರ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಅಂಗಡಿ ಮುಚ್ಚುವುದೊಂದೇ ಬಾಕಿ ಎನ್ನುವಾಗ ವಾರಕ್ಕೊಮ್ಮೆ ಬಸ್ಸು ಹಿಡಿದು ನನ್ನ ಬಳಿ ಬರತೊಡಗಿದರು. ಅವರು ತಂಗಿಯ ಮಾತು ತೆಗೆದರೆ ಸಾಕು, ನಾನು ನಡುವೆ ಬಾಯಿ ಹಾಕಿ ಉಸಿರಾಟದ ಅಭ್ಯಾಸ ಹೇಳಿಕೊಡುತ್ತಿದ್ದೆ. ಹೇಗಿದೆ ಎಂದು ಕೇಳಿದರೆ ಪ್ರತಿ ವಾರ ಒಂದೇ ಉತ್ತರ, "ಚಲೋ ಆಗೇದ್ರಿ." ನಾನು ಉಬ್ಬಿಹೋಗುತ್ತಿದ್ದೆ.

ಐದನೆಯ ವಾರ ಬರಲಿಲ್ಲ. ಆರನೆಯ ವಾರವೂ ಇಲ್ಲ. ಗುಣವಾದರು ಎಂದುಕೊಂಡೆ, ನನ್ನ ಜಾಣತನಕ್ಕೆ ಏನು ಹೇಳಲಿ! ಏಳನೆಯ ವಾರ ಬಂದವರು ಕುರ್ಚಿಯ ಮೇಲೆ ಕೂರಲೂ ಇಲ್ಲ.

"ಕುಬಸ ಬಿಗಿ ಆದ್ರ ಯಾರೂ ನನ್ನ ಮುಂದ ಅನ್ನಂಗಿಲ್ರಿ ಮೇಡಂ. ಚಲೋ ಆಗೇದ ಅಂತಾರ, ಮತ್ತೊಬ್ಬಾಕಿ ಕಡೆ ಹೋಗಿ ಬಿಡಿಸ್ಕೊಂತಾರ. ನಾನೂ ನಿಮಗ ಹಂಗ ಮಾಡೀನಿ. ತಂಗಿ ಸುದ್ದಿ ಎಲ್ಲಾ ಬಸ್ಸಿನ್ಯಾಗ ಬಾಜೂಕ ಕುಂತಾಕಿಗಿ ಹೇಳೀನಿ. ನೀವು ಹೇಳಾಕ ಬಿಡಂಗಿಲ್ಲ."

ಕೆನ್ನೆಗೆ ಹೊಡೆದಂತಾಯಿತು. ಮರುಕ್ಷಣವೇ ಎಂಥ ಖುಷಿ! ನಿಮ್ಮಿಂದ ಉಪಯೋಗವಾಗಲಿಲ್ಲ ಎಂದು ನನ್ನೆದುರು ಬಾಯಿಬಿಟ್ಟು ಹೇಳಿದ ಮೊದಲನೆಯವರು ಅವರು. ಉಳಿದವರೆಲ್ಲ ಚಲೋ ಎಂದು ಹೇಳಿ ಬರುವುದನ್ನೇ ಬಿಟ್ಟಿದ್ದರು... ಎಷ್ಟು ಜನರೋ. ತಪ್ಪಾಯಿತು ಎಂದೆ, ಮೊದಲಿನಿಂದ ಶುರು ಮಾಡೋಣವೇ ಎಂದು ಕೇಳಿದೆ.

"ಹಂಗಾದ್ರ ಅಳತಿ ಮತ್ತೊಮ್ಮಿ ತಗೋರಿ," ಎಂದು ಕೂತರು.

ಅಂದು ಅವರು ಎರಡು ತಾಸು ತಂಗಿಯ ಬಗ್ಗೆ ಮಾತಾಡಿದರು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಮೂರು ತಿಂಗಳ ಮೇಲೆ ಕತ್ತರಿ ಆಡಿತು, ಕುಣಿದುಬಿಡಬೇಕು ಅನ್ನಿಸಿತು ನನಗೆ! ಮೊದಲು ಹೊಲಿದದ್ದೇ ಈ ಕುಪ್ಪಸ, ನನಗಾಗಿ. ತೊಡಿಸಿ ನೋಡಿ, ಹೇಗಾಗಿದೆ ಎಂದು ಕೇಳಿದರು. ತೋಳು ಬಿಗಿಯಾಗಿತ್ತು. ಅವರ ಮುಖ ನೋಡಿ, "ಚಲೋ ಆಗೇದ್ರಿ" ಎಂದುಬಿಟ್ಟೆ.

ಹೋದ ವರ್ಷ ಅಕ್ಕ ತೀರಿಕೊಂಡರು. ಸುದ್ದಿ ತಿಳಿದದ್ದೂ ತಡವಾಗಿ... ಮೊನ್ನೆ ಯಾದಗಿರಿಯ ಅಂಗಡಿಯಾಕೆ ಎಷ್ಟು ಬಿಡಿಸಲಿ ಎಂದು ಕೇಳುತ್ತ ತೋಳಿನ ಹೊಲಿಗೆಗೆ ಕತ್ತರಿ ಹಚ್ಚಿದಳು. ಬೇಡ ಎಂದು ಕುಪ್ಪಸವನ್ನು ಅವಳ ಕೈಯಿಂದ ತೆಗೆದುಕೊಂಡು ಬಂದೆ. ಬಿಗಿಯಾಗಿದೆ ಅಕ್ಕ ಎಂದು ಅವರೆದುರು ಒಂದು ಸಲ ಹೇಳಬೇಕಿತ್ತು.